ತಂತಿ ಗಡಿ ದಾಟುತ್ತದೆ, ಬೂದಿ ದಾಟುವುದಿಲ್ಲ

ಹಳ್ಳಿಯಲ್ಲಿ ವಿದ್ಯುತ್ತಿನ ಮಾತು ಬಂದರೆ ಸಾಮಾನ್ಯವಾಗಿ ಎರಡೇ ಪ್ರಶ್ನೆ. ತ್ರೀ ಫೇಸ್ ಯಾವಾಗ ಕೊಡುತ್ತಾರೆ? ಎಷ್ಟು ಗಂಟೆ ಕೊಡುತ್ತಾರೆ? ಇದು ಸಹಜವೇ. ಪೈರು ಬಾಡುತ್ತಿರುವಾಗ ಕರೆಂಟು ಎಲ್ಲಿ ಹುಟ್ಟಿತು ಎಂದು ವಿಚಾರಿಸುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಆದರೂ ಈ ಮೂರನೆಯ ಪ್ರಶ್ನೆಯನ್ನು ರೈತ ಬಾಂಧವರು ಕೇಳಬೇಕಾದ ಕಾಲ ಬಂದಿದೆ. ಇಂದು ವಿದ್ಯುತ್ತು ಜಿಲ್ಲೆ, ರಾಜ್ಯಗಳ ಎಲ್ಲೆಯನ್ನಷ್ಟೇ ಅಲ್ಲ, ದೇಶದ ಗಡಿಯನ್ನೂ ದಾಟಿ ಮಾರಾಟವಾಗುವ ಸರಕಾಗಿದೆ. ಕೊಳ್ಳುವವರು ಒಂದು ದೇಶದಲ್ಲಿರುತ್ತಾರೆ; ಅದನ್ನು ಉತ್ಪಾದಿಸುವಾಗ ನೆಲ, ನೀರು, ಗಾಳಿ ಕೆಡಿಸಿಕೊಳ್ಳುವವರು ಇನ್ನೊಂದು ದೇಶದಲ್ಲಿರುತ್ತಾರೆ. ಆ ಕೆಡಿಸಿಕೊಳ್ಳುವವರಲ್ಲಿ ಬಹುಮಂದಿ ನಿಮ್ಮಂತೆಯೇ ಉಳುವವರು.

ಹತ್ತು ಹಳ್ಳ ಸೇರುವ ಕೆರೆ

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣ ಭಾರತದ ವಿದ್ಯುತ್ ಜಾಲ ಉಳಿದ ದೇಶದ ಜಾಲದೊಡನೆ ಕೂಡಿಕೊಂಡಿತು. ಅಂದಿನಿಂದ ಭಾರತಕ್ಕೆಲ್ಲ ಒಂದೇ ಜಾಲ. ಭೂತಾನವೂ ಈ ಜಾಲದೊಡನೆ ಸೇರಿದೆ. ಬಿಹಾರದ ಮುಜಫ್ಫರಪುರದಿಂದ ನೇಪಾಳದ ಢಲ್ಕೇಬರ್‌ಗೆ ಹೋಗುವ ಮಾರ್ಗದ ಮೂಲಕ ನೇಪಾಳವೂ ಸೇರಿದೆ. ಪಶ್ಚಿಮ ಬಂಗಾಳದ ಬಹರಂಪುರದಿಂದ ಬಾಂಗ್ಲಾದೇಶದ ಭೇರಾಮಾರಾಕ್ಕೆ 2013ರಿಂದಲೇ ವಿದ್ಯುತ್ತು ಹರಿಯುತ್ತಿದೆ.

ಹತ್ತು ಹಳ್ಳಗಳ ನೀರು ಒಂದು ಕೆರೆಗೆ ಬಂದು ಬಿದ್ದ ಮೇಲೆ, ತೂಬಿನಲ್ಲಿ ಹೊರಡುವ ನೀರು ಯಾವ ಹಳ್ಳದ್ದು ಎಂದು ಹೇಳಲು ಬರುತ್ತದೆಯೇ? ಜಾಲದ ವಿದ್ಯುತ್ತೂ ಹಾಗೆಯೇ. ನಿಮ್ಮ ಪಂಪ್‌ಸೆಟ್ಟಿಗೆ ಬಂದ ಯೂನಿಟ್ ಶರಾವತಿಯದೋ, ರಾಯಚೂರಿನ ಕಲ್ಲಿದ್ದಲಿನದೋ, ಹಿಮಾಲಯದ ಯಾವುದೋ ನದಿಯದೋ ಎಂದು ಮೀಟರು ಹೇಳುವುದಿಲ್ಲ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಗೆ ರಾಶಿ, ಬೆಟ್ಟೆ, ಗೊರಬಲು ಎಂದು ದರ್ಜೆ ಉಂಟು. ವಿದ್ಯುತ್ ಮಾರುಕಟ್ಟೆಯಲ್ಲಿ ಹಸಿರು ವಿದ್ಯುತ್ತಿಗೆ 2020ರಿಂದ ಬೇರೆ ವಿಭಾಗವಿದೆಯಾದರೂ, ಒಂದು ಯೂನಿಟ್ ಉತ್ಪಾದಿಸಲು ನದಿಯಿಂದ ಎಷ್ಟು ಕಿತ್ತುಕೊಂಡರು, ಎಷ್ಟು ಎಕರೆ ಹೋಯಿತು ಎಂಬ ದರ್ಜೆ ಅಲ್ಲಿಲ್ಲ. ಈ ಲೆಕ್ಕ ಕಣ್ಣಿಗೆ ಬೀಳದೆ ಇರುವುದೇ ಗಡಿಯಾಚೆಯ ವಿದ್ಯುತ್ ವ್ಯಾಪಾರದ ಮುಖ್ಯ ದೋಷವೆಂದು ನನ್ನ ಅಭಿಪ್ರಾಯ.

ಗೊಡ್ಡಾದಲ್ಲಿ ಹೊಗೆ, ಬಾಂಗ್ಲಾದಲ್ಲಿ ಬೆಳಕು

ಮೊದಲು ಕಲ್ಲಿದ್ದಲಿನ ಉದಾಹರಣೆ ನೋಡೋಣ. ಜಾರ್ಖಂಡ್ ರಾಜ್ಯದ ಗೊಡ್ಡಾ ಜಿಲ್ಲೆಯಲ್ಲಿ 1,600 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಅದಾನಿ ಪವರ್ ಸಂಸ್ಥೆಯದು. 2017ರಲ್ಲಿ ಬಾಂಗ್ಲಾದೇಶದ ವಿದ್ಯುತ್ ಅಭಿವೃದ್ಧಿ ಮಂಡಳಿಯೊಡನೆ 25 ವರ್ಷಗಳ ಒಪ್ಪಂದವಾಗಿ, 2023ರಲ್ಲಿ ಅದರ ಎರಡೂ ಘಟಕಗಳು ಉತ್ಪಾದನೆ ಆರಂಭಿಸಿದವು. ಬಾಂಗ್ಲಾದೇಶಕ್ಕೆ ಮಾರುವುದಕ್ಕೆಂದೇ ಕಟ್ಟಿದ ಕೇಂದ್ರವಿದು; ಇದಕ್ಕಾಗಿಯೇ ಗಡಿಯಾಚೆಗೆ ಪ್ರತ್ಯೇಕ ತಂತಿ ಮಾರ್ಗವನ್ನೂ ಎಳೆಯಲಾಯಿತು. 2024ರ ಆಗಸ್ಟಿನಲ್ಲಿ ಭಾರತ ಸರ್ಕಾರ ನಿಯಮ ತಿದ್ದಿದ ಮೇಲೆ ಇಂಥ ಕೇಂದ್ರ ದೇಶದೊಳಗೂ ಮಾರಲು ಅವಕಾಶವಾಗಿದೆ.

ಇದರ ವ್ಯವಸ್ಥೆಯನ್ನು ಸ್ವಲ್ಪ ಗಮನಿಸಿ. ಗೊಡ್ಡಾ ಜಿಲ್ಲೆಯಲ್ಲೇ ಲಾಲ್ಮಟಿಯಾದ ದೊಡ್ಡ ಕಲ್ಲಿದ್ದಲು ಗಣಿ ಇದೆ. ಆದರೆ ಈ ಕೇಂದ್ರಕ್ಕೆ ಯೋಜಿಸಿದ್ದು ಹೊರದೇಶದ ಕಲ್ಲಿದ್ದಲು. ಅದು ಸಮುದ್ರ ದಾಟಿ ಒಡಿಶಾದ ಧಾಮ್ರಾ ಬಂದರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಸಾಗಬೇಕು. ನೀರು ಸಾಹಿಬಗಂಜ್ ಬಳಿ ಗಂಗೆಯಿಂದ ಕೊಳವೆಯಲ್ಲಿ ಬರುತ್ತದೆ. ಉತ್ಪಾದನೆಯಾದ ವಿದ್ಯುತ್ತು ಪೂರ್ವಕ್ಕೆ ಹೊರಟುಹೋಗುತ್ತದೆ. ಗೊಡ್ಡಾದಲ್ಲಿ ಉಳಿಯುವುದು ಹೊಗೆ, ಬೂದಿ, ಹೋದ ಜಮೀನು. ಅಲ್ಲಿನ ಕೆಲವು ರೈತರು ಭೂಸ್ವಾಧೀನವನ್ನು ವಿರೋಧಿಸಿ 2019ರಲ್ಲಿ ಜಾರ್ಖಂಡ್ ಹೈಕೋರ್ಟಿನ ಮೆಟ್ಟಿಲೇರಿದರು.

ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತು ಉತ್ಪಾದಿಸಿದರೆ ಸುಮಾರು ಒಂದು ಕಿಲೋದಷ್ಟು ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಹೊಸ ಬಗೆಯ ಕೇಂದ್ರಗಳಲ್ಲಿ ಕೊಂಚ ಕಡಿಮೆ, ಹಳೆಯವುಗಳಲ್ಲಿ ಕೊಂಚ ಹೆಚ್ಚು. ಈ ಅನಿಲಕ್ಕೆ ಯಾವ ಗಡಿಯೂ ಇಲ್ಲ. ಅದರ ಫಲವನ್ನು ಎಲ್ಲ ದೇಶಗಳ ಮಳೆಗಾಲವೂ ಉಣ್ಣಬೇಕು. ಆದರೆ ಹಾರುಬೂದಿ ಹಾಗಲ್ಲ. ಅದು ಹತ್ತಿರದ ಹೊಲದ ಮೇಲೆಯೇ ಇಳಿಯುತ್ತದೆ. ಎಲೆಗಳ ಮೇಲೆ ಬೂದಿಯ ಪದರ ಕುಳಿತರೆ ಬೆಳಕು ಹೀರುವ ಕೆಲಸ ಕುಂದುತ್ತದೆ, ಎಲೆಯ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಬೂದಿ ಹೊಂಡದ ಕೆಳಭಾಗದ ಬಾವಿ ನೀರಿನ ಬಗ್ಗೆ ಎಚ್ಚರ ಬೇಕಾಗುತ್ತದೆ. ಶಕ್ತಿನಗರದ ಸುತ್ತಲಿನ ರೈತರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ರಾಯಚೂರಿನ ವಿದ್ಯುತ್ತನ್ನು ಬಳಸುವ ಸರ್ಕಾರವೂ, ಅಲ್ಲಿನ ಬೂದಿಗೆ ಉತ್ತರ ಕೊಡಬೇಕಾದ ಸರ್ಕಾರವೂ ಒಂದೇ. ಅದನ್ನು ವೋಟಿನ ಮೂಲಕ ಪ್ರಶ್ನಿಸಬಹುದು. ಢಾಕಾದ ಬಳಕೆದಾರನನ್ನು ಗೊಡ್ಡಾದ ರೈತ ಪ್ರಶ್ನಿಸುವ ದಾರಿ ಯಾವುದು?

ಭೂತಾನದ ನೀರು

ಇನ್ನು ಜಲವಿದ್ಯುತ್ತು. ಹೊಗೆಯಿಲ್ಲ, ಬೂದಿಯಿಲ್ಲ, ಆದ್ದರಿಂದ ಹಾನಿಯೂ ಇಲ್ಲವೆಂದು ಹಲವರು ತಿಳಿದಿದ್ದಾರೆ. ಇದನ್ನು ಭೂತಾನದ ಅನುಭವದಿಂದ ತೂಗಿ ನೋಡಬೇಕು.

ಭೂತಾನ ಎಂಟು ಲಕ್ಷದೊಳಗಿನ ಜನಸಂಖ್ಯೆಯ ಪುಟ್ಟ ದೇಶ. ಭಾರತದ ನೆರವಿನಿಂದ ಕಟ್ಟಿದ 336 ಮೆಗಾವಾಟ್‌ನ ಚುಖಾ ಯೋಜನೆ 1986–88ರಲ್ಲಿ ಚಾಲನೆಗೆ ಬಂತು. ಅದರ ವೆಚ್ಚದಲ್ಲಿ 100ಕ್ಕೆ 60 ಪಾಲು ಅನುದಾನ, 40 ಪಾಲು ಸಾಲ. ಬಳಿಕ 2006–07ರಲ್ಲಿ 1,020 ಮೆಗಾವಾಟ್‌ನ ತಾಲಾ, 2019ರಲ್ಲಿ 720 ಮೆಗಾವಾಟ್‌ನ ಮಾಂಗ್ದೇಛು ಬಂದವು. ಮಳೆಗಾಲದಲ್ಲಿ ತನಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಉತ್ಪಾದಿಸಿ ಭಾರತಕ್ಕೆ ಮಾರುತ್ತದೆ. ಈ ಹಣದಿಂದ ಆ ದೇಶದ ಶಾಲೆ, ಆಸ್ಪತ್ರೆ, ರಸ್ತೆಗಳು ಬೆಳೆದವು. ದೇಶದ 100ಕ್ಕೆ 60 ಭಾಗ ಸದಾ ಕಾಡಾಗಿರಬೇಕೆಂದು ಅಲ್ಲಿನ ಸಂವಿಧಾನವೇ ಹೇಳುತ್ತದೆ. ಕಾಡು ಕಡಿಯದೆ ಹಣ ಬರುವ ದಾರಿಯಾಗಿ ಅವರಿಗೆ ನದಿಗಳು ಒದಗಿದವು. ಇದನ್ನು ಕಡೆಗಣಿಸುವುದು ನ್ಯಾಯವಲ್ಲ.

ಈ ಯೋಜನೆಗಳು ನಮ್ಮ ಲಿಂಗನಮಕ್ಕಿಯಂತೆ ನೂರಾರು ಚದರ ಕಿಲೋಮೀಟರ್ ಮುಳುಗಿಸುವಂಥವಲ್ಲ. ಮುಳುಗಡೆ ಎಂದರೆ ಏನೆಂದು ಶರಾವತಿ ಕಣಿವೆಯ ಜನರಿಗೆ ಗೊತ್ತು. 1964ರ ಅಣೆಕಟ್ಟಿಗಾಗಿ ಮನೆಮಠ ಬಿಟ್ಟವರ ಭೂಮಿ ಹಕ್ಕಿನ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಭೂತಾನದಲ್ಲಿ ಸಣ್ಣ ಅಣೆ ಕಟ್ಟಿ ನದಿಯನ್ನು ಸುರಂಗಕ್ಕೆ ತಿರುಗಿಸಿ, ಬಹುದೂರದ ಕೆಳಗೆ ಟರ್ಬೈನಿನ ಮೇಲೆ ಬೀಳಿಸುತ್ತಾರೆ. ತಾಲಾ ಯೋಜನೆಯ ಸುರಂಗ ಸುಮಾರು 23 ಕಿಲೋಮೀಟರ್ ಉದ್ದ. ಅಂದರೆ ಅಣೆಗೂ ವಿದ್ಯುದಾಗಾರಕ್ಕೂ ನಡುವಿನ ನದಿಪಾತ್ರಕ್ಕೆ, ನೀರು ಕಡಿಮೆ ಇರುವ ಚಳಿಗಾಲದಲ್ಲಿ, ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ. ಮೀನು ಮೇಲಕ್ಕೆ ಹತ್ತಲಾರದು. ಬೆಟ್ಟ ಕೊರೆದಾಗ ಊಟೆಗಳು ದಿಕ್ಕು ತಪ್ಪುವುದೂ ಉಂಟು. ನದಿ ತರುವ ಮೆಕ್ಕಲು ಅಣೆಯ ಹಿಂದೆ ನಿಂತರೆ, ಕೆಳಗೆ ಹರಿಯುವ ತಿಳಿನೀರು ದಂಡೆಯ ಮಣ್ಣನ್ನು ಕಚ್ಚತೊಡಗುತ್ತದೆ. ಪುನತ್ಸಾಂಗ್‌ಛು ನದಿಯ ಮೊದಲ ಯೋಜನೆ 2008ರಲ್ಲಿ ಆರಂಭವಾಗಿ, 2013ರಲ್ಲಿ ಅಣೆಕಟ್ಟಿನ ಬಲಬದಿಯ ಗುಡ್ಡ ಜಾರಿದ್ದರಿಂದ ವರ್ಷಗಟ್ಟಲೆ ಹಿಂದೆಬಿತ್ತು. ಹಿಮಾಲಯದ ಬೆಟ್ಟಗಳು ಇನ್ನೂ ನೆಲೆ ನಿಂತವಲ್ಲ. ಅಲ್ಲಿ ಕೊರೆಯುವ ಪ್ರತಿ ಸುರಂಗದ ಹಿಂದೆಯೂ ಈ ಅಪಾಯವಿದೆ.

ಇನ್ನೊಂದು ಸಂಗತಿಯನ್ನು ನಾವು ಮರೆಯಬಾರದು. ಚಳಿಗಾಲದಲ್ಲಿ ಭೂತಾನದ ನದಿಗಳು ಇಳಿದಾಗ, ಇತ್ತೀಚಿನ ವರ್ಷಗಳಲ್ಲಿ ಆ ದೇಶವೇ ಭಾರತದಿಂದ ವಿದ್ಯುತ್ತು ಕೊಳ್ಳುತ್ತಿದೆ. ಭಾರತದಲ್ಲಿ ಉತ್ಪಾದನೆಯಾಗುವ 100 ಯೂನಿಟ್‌ನಲ್ಲಿ 70ರ ಆಸುಪಾಸು ಇಂದಿಗೂ ಕಲ್ಲಿದ್ದಲಿನದು. ಹೀಗೆ ಮಳೆಗಾಲದಲ್ಲಿ ನೀರಿನ ವಿದ್ಯುತ್ತು ಈಚೆಗೆ ಬರುತ್ತದೆ, ಚಳಿಗಾಲದಲ್ಲಿ ಕಲ್ಲಿದ್ದಲಿನ ವಿದ್ಯುತ್ತು ಆಚೆಗೆ ಹೋಗುತ್ತದೆ. ವರ್ಷದ ಒಟ್ಟು ಮೊತ್ತ ಮಾತ್ರ ನೋಡಿದರೆ ಇದು ತಿಳಿಯುವುದಿಲ್ಲ. ತಿಂಗಳುವಾರು ಲೆಕ್ಕ ಬೇಕು.

ಸಂಜೆಯ ದರ, ಸಂಜೆಯ ನದಿ

ನೇಪಾಳದ ಕಥೆ ಸ್ವಲ್ಪ ಬೇರೆ. ಹಿಂದೆ ಒಣಕಾಲದಲ್ಲಿ ದಿನಕ್ಕೆ ಹತ್ತಾರು ಗಂಟೆ ಕತ್ತಲಲ್ಲಿರುತ್ತಿದ್ದ ದೇಶ 2021ರ ನವೆಂಬರಿನಿಂದ ಭಾರತದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಮಾರತೊಡಗಿತು. ಹತ್ತು ವರ್ಷಗಳಲ್ಲಿ 10,000 ಮೆಗಾವಾಟ್‌ವರೆಗೆ ಭಾರತಕ್ಕೆ ಕೊಡುವ ಒಪ್ಪಂದ 2024ರ ಜನವರಿಯಲ್ಲಿ ಆಯಿತು. ಅದೇ ವರ್ಷದ ನವೆಂಬರಿನಲ್ಲಿ ಭಾರತದ ತಂತಿಗಳ ಮೂಲಕ ಬಾಂಗ್ಲಾದೇಶಕ್ಕೆ 40 ಮೆಗಾವಾಟ್ ಹರಿಸಿತು. ಮೂರು ದೇಶಗಳು ಸೇರಿದ ವ್ಯಾಪಾರವಿದು.

ವಿನಿಮಯ ಕೇಂದ್ರದಲ್ಲಿ ದಿನವನ್ನು 15 ನಿಮಿಷಗಳ 96 ಭಾಗ ಮಾಡಿ, ಪ್ರತಿ ಭಾಗಕ್ಕೂ ಬೇರೆ ದರ ಕಟ್ಟುತ್ತಾರೆ. ಸೌರ ವಿದ್ಯುತ್ತು ಹೇರಳವಾಗಿರುವ ಮಧ್ಯಾಹ್ನ ದರ ಕುಸಿಯುತ್ತದೆ. ದೀಪ ಹಚ್ಚುವ ಹೊತ್ತಿಗೆ ಏರುತ್ತದೆ. ‘ಗಾಳಿ ಬಂದಾಗ ತೂರಿಕೋ’ ಎಂಬಂತೆ, ನೀರು ಹಿಡಿದಿಡಲು ಕೊಳವಿರುವ ಕೇಂದ್ರಕ್ಕೆ ಹಗಲೆಲ್ಲ ನೀರು ತಡೆದು ಸಂಜೆ ಒಮ್ಮೆಲೆ ಹರಿಸುವುದು ಲಾಭ. ನೇಪಾಳದ 144 ಮೆಗಾವಾಟ್‌ನ ಕಾಳಿಗಂಡಕಿ–ಎ, 456 ಮೆಗಾವಾಟ್‌ನ ಮೇಲಿನ ತಾಮಾಕೋಶಿ ಕೇಂದ್ರಗಳು ಹೀಗೆ ದಿನದ ಕೆಲವು ಗಂಟೆಗೆ ನೀರು ಕೂಡಿಡಬಲ್ಲಂಥವು. ಇಂಥ ಪದ್ಧತಿಯಲ್ಲಿ ಒಣಕಾಲದ ನದಿ ಹಗಲು ಬಡಕಲಾಗಿ, ಸಂಜೆ ತಟಕ್ಕನೆ ಏರುತ್ತದೆ. ನದಿಗೆ ಇಳಿಯುವ ದನಕಾಯುವವರಿಗೆ, ಕಾಲುವೆಗೆ ನೀರು ಎತ್ತುವವರಿಗೆ, ಮೀನಿಗೆ, ಮರಳುದಿಬ್ಬದಲ್ಲಿ ಮೊಟ್ಟೆಯಿಡುವ ಹಕ್ಕಿಗೆ ಇದು ಹೊಸ ಸಂಕಟ. ನೂರಾರು ಮೈಲಿ ದೂರದ ಪೇಟೆಯ ದರಪಟ್ಟಿ ಒಂದು ನದಿಯ ಏರಿಳಿತವನ್ನು ಗೊತ್ತುಮಾಡುವುದೆಂದರೆ ಸಣ್ಣ ವಿಷಯವಲ್ಲ.

ಕೆಳಗಿನ ಊರಿನ ಪಾಡು

ವಿದ್ಯುತ್ತು ಒಪ್ಪಂದವಿದ್ದಲ್ಲಿಗೆ ಹೋಗುತ್ತದೆ; ನೀರು ಇಳಿಜಾರಿದ್ದಲ್ಲಿಗೆ ಹೋಗುತ್ತದೆ. 2003ರಲ್ಲಿ ಭೂತಾನದಲ್ಲಿ ಗುಡ್ಡ ಕುಸಿದು ತ್ಸಾಟಿಛು ಹೊಳೆಗೆ ಅಡ್ಡ ಬಿದ್ದು ಕೆರೆಯಾಯಿತು. 2004ರ ಜುಲೈನಲ್ಲಿ ಆ ಕೆರೆ ಒಡೆದು, ಪ್ರವಾಹ ಕುರಿಛು ಅಣೆಕಟ್ಟಿನ ಮೂಲಕ ಹಾದು ಅಸ್ಸಾಮಿನ ಮಾನಸ–ಬೇಕಿ ನದಿಗಳ ದಂಡೆಯ ಊರುಗಳಿಗೆ ನುಗ್ಗಿತು. ಅದು ಅಣೆಕಟ್ಟಿನ ತಪ್ಪಲ್ಲ. ಆದರೆ ಅಂದಿನಿಂದ ಕುರಿಛು ಬಾಗಿಲು ತೆರೆದರೆಂಬ ಸುದ್ದಿ ಬಂದಾಗಲೆಲ್ಲ ಬರಪೇಟಾ ಜಿಲ್ಲೆಯ ರೈತರ ಎದೆ ನಡುಗುತ್ತದೆ. ಗದ್ದೆಯ ಮೇಲೆ ಮೊಳದುದ್ದ ಮರಳು ಕುಳಿತರೆ ಮುಂದಿನ ಭತ್ತದ ಮಾತೇ ಇಲ್ಲ.

2023ರ ಅಕ್ಟೋಬರ್ 4ರಂದು ಸಿಕ್ಕಿಮಿನ ದಕ್ಷಿಣ ಲ್ಹೋನಕ್ ಹಿಮನದಿ ಸರೋವರ ಉಕ್ಕಿ ಬಂದಾಗ, ಚುಂಗ್‌ಥಾಂಗಿನಲ್ಲಿದ್ದ 1,200 ಮೆಗಾವಾಟ್‌ನ ತೀಸ್ತಾ–3 ಯೋಜನೆಯ ಅಣೆಕಟ್ಟು ಕೊಚ್ಚಿಹೋಯಿತು. ಆ ತೀಸ್ತಾ ನದಿ ಮುಂದೆ ಹರಿಯುವುದು ಬಾಂಗ್ಲಾದೇಶಕ್ಕೆ. ಇಲ್ಲಿ ಮೇಲಿನವರು ನಾವು, ಕೆಳಗಿನವರು ಅವರು. ಅಸ್ಸಾಮಿನವರಾಗಿ ನಾವು ಭೂತಾನವನ್ನು ಕೇಳುವ ಎಚ್ಚರಿಕೆಯನ್ನೇ, ರಂಗಪುರದ ರೈತ ನಮ್ಮನ್ನು ಕೇಳಿದರೆ ತಪ್ಪೇನು?

ವ್ಯಾಪಾರವೇ ಬೇಡವೆ?

ಹಾಗಾದರೆ ಈ ವ್ಯಾಪಾರವನ್ನೇ ನಿಲ್ಲಿಸಬೇಕೆ ಎಂದರೆ, ಖಂಡಿತ ಬೇಡ. ಒಂದು ಕಡೆ ಹೆಚ್ಚಾದದ್ದು ಇನ್ನೊಂದು ಕಡೆಯ ಕೊರತೆಗೆ ಒದಗುವುದು ಒಳ್ಳೆಯದೇ. ಮಳೆಗಾಲದ ಹಿಮಾಲಯದ ನೀರು ನಮ್ಮಲ್ಲಿ ಅಷ್ಟು ಕಲ್ಲಿದ್ದಲನ್ನು ಉಳಿಸುತ್ತದೆ. ಭೂತಾನದ 126 ಮೆಗಾವಾಟ್‌ನ ದಗಾಛು ಯೋಜನೆ ಭಾರತದ ಕಲ್ಲಿದ್ದಲು ಉಳಿತಾಯದ ಲೆಕ್ಕದ ಮೇಲೆಯೇ 2010ರಲ್ಲಿ ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಲ್ಲಿ ನೋಂದಣಿಯಾಯಿತು. ಎರಡು ದೇಶಗಳ ಗಡಿ ದಾಟಿದ ಅಂಥ ಮೊದಲ ಯೋಜನೆ ಅದು. ನಮ್ಮ ಮಧ್ಯಾಹ್ನದ ಸೌರ ವಿದ್ಯುತ್ತು ನೆರೆಯವರಿಗೆ ಹೋಗಿ, ಅವರ ಸಂಜೆಯ ನೀರಿನ ವಿದ್ಯುತ್ತು ನಮಗೆ ಬಂದರೆ ಇಬ್ಬರಿಗೂ ಕಲ್ಲಿದ್ದಲು ಕಡಿಮೆ. ಆದ್ದರಿಂದ ವ್ಯಾಪಾರ ಇರಲಿ. ಯಾವ ಮೂಲದ ವಿದ್ಯುತ್ತು, ಯಾವ ಷರತ್ತಿನ ಮೇಲೆ ಎಂಬುದನ್ನು ಮಾತ್ರ ಕೊಳ್ಳುವವರು ಕೇಳಲಿ.

ಪರದೇಶದ ವಿದ್ಯುತ್ತಿಗೆ ಷರತ್ತು ಹಾಕಲು ಬರುವುದಿಲ್ಲವೆಂದು ಕೆಲವರು ಹೇಳುತ್ತಾರೆ. ಇದು ಸರಿಯಲ್ಲ. ಭಾರತದ ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರಲ್ಲಿ ಹೊರಡಿಸಿದ ಕ್ರಮದಂತೆ, ನಮ್ಮೊಡನೆ ಭೂಗಡಿ ಹೊಂದಿದ್ದು ವಿದ್ಯುತ್ ಸಹಕಾರದ ಒಪ್ಪಂದವಿಲ್ಲದ ಮೂರನೆಯ ದೇಶದವರ ಒಡೆತನವಿರುವ ಕೇಂದ್ರದಿಂದ ವಿದ್ಯುತ್ತು ಕೊಳ್ಳುವಂತಿಲ್ಲ. ಅದರಿಂದಾಗಿ ಚೀನಾದ ಬಂಡವಾಳವಿರುವ ನೇಪಾಳದ ಕೇಂದ್ರಗಳ ವಿದ್ಯುತ್ತನ್ನು ನಾವು ಕೊಳ್ಳುತ್ತಿಲ್ಲ. ಅಂದಮೇಲೆ ‘ಯಾರು ಕಟ್ಟಿದರು’ ಎಂದು ಕೇಳಲು ಬರುವವರಿಗೆ ‘ನದಿಗೆ ಎಷ್ಟು ಬಿಟ್ಟರು’ ಎಂದು ಕೇಳಲು ಬಾರದೆ? ಯೂರೋಪಿನ ಒಕ್ಕೂಟವಂತೂ ಹೊರಗಿನಿಂದ ಬರುವ ಉಕ್ಕು, ಸಿಮೆಂಟು, ಗೊಬ್ಬರಗಳ ಜೊತೆಗೆ ವಿದ್ಯುತ್ತಿನ ಇಂಗಾಲದ ಲೆಕ್ಕವನ್ನೂ 2023ರ ಅಕ್ಟೋಬರಿನಿಂದ ಕೇಳತೊಡಗಿ, 2026ರಿಂದ ಅದಕ್ಕೆ ಬೆಲೆ ಕಟ್ಟುವ ಹಂತಕ್ಕೆ ಬಂದಿದೆ.

ನನ್ನ ದೃಷ್ಟಿಯಲ್ಲಿ ಕನಿಷ್ಠ ಈ ನಾಲ್ಕು ಷರತ್ತುಗಳು ಬೇಕು.

ಒಂದು, ದೇಶದ ಗಡಿ ದಾಟುವ ಪ್ರತಿಯೊಂದು ವಿದ್ಯುತ್ ಒಪ್ಪಂದವೂ ಬಹಿರಂಗವಾಗಿರಬೇಕು. ಇಂಧನ ಯಾವುದು, ನೀರು ಎಲ್ಲಿಯದು, ಬೂದಿ ಎಲ್ಲಿ ಹಾಕುತ್ತಾರೆ, ದರ ಎಷ್ಟು ಎಂಬುದು ಎರಡೂ ದೇಶದ ಜನರಿಗೆ ತಿಳಿಯಬೇಕು.

ಎರಡು, ಜಲವಿದ್ಯುತ್ ಕೇಂದ್ರ ಎಲ್ಲ ಋತುವಿನಲ್ಲೂ ನದಿಪಾತ್ರಕ್ಕೆ ಗೊತ್ತುಪಡಿಸಿದಷ್ಟು ನೀರು ಬಿಡಬೇಕು. ಬಿಟ್ಟ ಲೆಕ್ಕವನ್ನು ದಿನವೂ ಪ್ರಕಟಿಸಬೇಕು. ಬಾಗಿಲು ತೆರೆಯುವ ಮುನ್ನ ಗಡಿಯ ಎರಡೂ ಕಡೆಯ ಊರುಗಳಿಗೆ ಎಚ್ಚರಿಕೆ ಮುಟ್ಟಬೇಕು.

ಮೂರು, ಒಂದೊಂದು ಯೋಜನೆಯನ್ನು ಬಿಡಿಯಾಗಿ ಪರಿಶೀಲಿಸಿದರೆ ಸಾಲದು. ಒಂದೇ ನದಿಯ ಮೇಲೆ ಸಾಲಾಗಿ ಐದಾರು ಅಣೆ ಬಂದರೆ ಕೆಳಗೇನಾಗುತ್ತದೆ ಎಂಬುದನ್ನು ನದಿಯ ಮೂಲದಿಂದ ಕೊನೆಯವರೆಗೆ, ಗಡಿಯನ್ನು ಲೆಕ್ಕಿಸದೆ ನೋಡಬೇಕು.

ನಾಲ್ಕು, ಜಮೀನು, ನೀರು ಕೊಟ್ಟ ಊರಿಗೆ ಆದಾಯದಲ್ಲಿ ನಿಶ್ಚಿತ ಪಾಲು ಇರಬೇಕು. ಸಾಧ್ಯವಿದ್ದಲ್ಲಿ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಬೇಕು. ನಮ್ಮ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಲ್ಲಿ ಸುಮಾರು 13,000 ಎಕರೆಯನ್ನು ಹೀಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ 100ಕ್ಕೆ 5ರಷ್ಟು ಏರಿಕೆಯೊಡನೆ ಪಡೆದರು. ಭೂಮಿ ರೈತರ ಹೆಸರಿನಲ್ಲೇ ಉಳಿಯಿತು. ಭೂಮಿಯಿಲ್ಲದ ಕೂಲಿಕಾರರಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ ಎಂಬ ಕೊರತೆಯನ್ನೂ ಹೊಸ ಯೋಜನೆಗಳು ತುಂಬಿಕೊಳ್ಳಬೇಕು.

ಇದರಿಂದ ವಿದ್ಯುತ್ತಿನ ದರ ಕೆಲವು ಪೈಸೆ ಏರಬಹುದು. ಆದರೆ ಇಂದಿನ ಅಗ್ಗದ ದರದಲ್ಲಿ ಆ ಪೈಸೆಗಳು ಇಲ್ಲವೆಂದಲ್ಲ. ಅವುಗಳನ್ನು ಗೊಡ್ಡಾದ, ಬರಪೇಟಾದ ರೈತರು ತೆರುತ್ತಿದ್ದಾರೆ, ಅಷ್ಟೇ.

ನಮ್ಮ ಪಾಲಿನ ಕೆಲಸ

ಕರ್ನಾಟಕದ ಹಳ್ಳಿಯಲ್ಲಿ ಕುಳಿತು ನಾವೇನು ಮಾಡಬಲ್ಲೆವು ಎಂದು ಕೇಳಬಹುದು. ಎರಡು ಕೆಲಸ ಮಾಡಬಹುದು.

ಮೊದಲನೆಯದು ಮಿತವ್ಯಯ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ನಮ್ಮಲ್ಲಿ ಬಿಲ್ಲಿಲ್ಲ ನಿಜ. ಆದರೆ ಯೂನಿಟ್ ಪುಕ್ಕಟೆ ಹುಟ್ಟುವುದಿಲ್ಲ. ಬಾವಿಯ ಆಳಕ್ಕೆ ತಕ್ಕ ಪಂಪು, ಐ.ಎಸ್.ಐ. ಗುರುತಿನ ಮೋಟಾರು, ಸರಿಯಾದ ಕೆಪಾಸಿಟರ್, ಘರ್ಷಣೆ ಕಡಿಮೆಯಿರುವ ಫುಟ್‌ವಾಲ್ವು, ಅನವಶ್ಯಕ ತಿರುವುಗಳಿಲ್ಲದ ಪೈಪು — ಇಷ್ಟನ್ನು ಸರಿಪಡಿಸಿಕೊಂಡರೆ ಅದೇ ನೀರಿಗೆ ಕಡಿಮೆ ವಿದ್ಯುತ್ತು ಸಾಕು. ಹನಿ ನೀರಾವರಿ ಮಾಡಿದರೆ ಎತ್ತಬೇಕಾದ ನೀರೇ ಕಡಿಮೆ. ಉಳಿಸಿದ ಯೂನಿಟ್ಟಿಗೆ ಬೂದಿಯೂ ಇಲ್ಲ, ಮುಳುಗಡೆಯೂ ಇಲ್ಲ.

ಎರಡನೆಯದು ಪ್ರಶ್ನಿಸುವುದು. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ದರ ನಿಗದಿಗೆ ಮುನ್ನ ಸಾರ್ವಜನಿಕರ ಆಕ್ಷೇಪಣೆ ಕರೆದು ವಿಚಾರಣೆ ನಡೆಸುತ್ತದೆ. ಅಲ್ಲಿ ಯಾರು ಬೇಕಾದರೂ ಲಿಖಿತವಾಗಿ ಕೇಳಬಹುದು. ದರ ಏರಿಸಬೇಡಿ ಎಂಬ ಮನವಿಯ ಜೊತೆಗೆ, ‘ನಮಗಾಗಿ ಕೊಳ್ಳುವ ವಿದ್ಯುತ್ತು ಯಾವ ಮೂಲದ್ದು, ಅದರ ಬೂದಿ ಮತ್ತು ನೀರಿನ ಹೊಣೆ ಯಾರದು’ ಎಂಬ ಒಂದು ಸಾಲನ್ನೂ ನಮ್ಮ ರೈತ ಸಂಘಗಳು ಸೇರಿಸಲಿ. ಗ್ರಾಮದ ವಾಚನಾಲಯದಲ್ಲಿ ನಾಲ್ಕು ಮಂದಿ ಕುಳಿತು ಚರ್ಚಿಸಿ ಬರೆದರೆ ಒಂದು ಸಂಜೆಯ ಕೆಲಸ. ಕೊಳ್ಳುವವರು ಕೇಳತೊಡಗಿದರೆ ಮಾರುವವರು ಲೆಕ್ಕ ಇಡತೊಡಗುತ್ತಾರೆ. ಹತ್ತಿಯ ಮಾರುಕಟ್ಟೆಯಲ್ಲಿ ತೇವಾಂಶ ಅಳೆಯುವ ಪದ್ಧತಿ ಬಂದದ್ದು ಕೊಳ್ಳುವವರು ಕೇಳಿದ್ದರಿಂದಲೇ.